ಮಾವನವರ ಜೀಪು, ಸ್ಟೇರಿಂಗಿನ ಆಟ

ಅಕ್ಕತಂಗಿಯರೇ, ಈ ಪುಟಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಉಪ್ಪಿನಕಾಯಿಗೆ ಬೂಷ್ಟು ಹಿಡಿದದ್ದು, ಕುಕ್ಕರಿನ ಸೀಟಿ ಕೂಗದೇ ಹೋದದ್ದು, ಅತ್ತೆ-ಸೊಸೆಯರ ಮುನಿಸು ಇಂಥವೇ. ಈ ಸಲ ಹುಮನಾಬಾದಿನಿಂದ ಬಂದ ಕಾಗದ ಮಾತ್ರ ಬೇರೆ ಥರದ್ದು. ಅವರ ಮಾತಿನಲ್ಲೇ ಕೊಡುತ್ತೇನೆ:

“ನಮ್ಮ ಮಾವನವರು 1972ರಾಗ ತಗೊಂಡ ಮಹೀಂದ್ರಾ ಜೀಪು ಅದ. ಅವರು ತೀರಿಕೊಂಡು ಹತ್ತು ವರ್ಷ ಆಯ್ತು. ನಮ್ಮ ಮನಿಯವರಿಗೆ ಅದನ್ನ ಮಾರಲಿಕ್ಕೆ ಮನಸ್ಸಿಲ್ಲ. ಸ್ಟೇರಿಂಗ್ ಕಾಲು ಸುತ್ತು ತಿರುಗಿಸಿದ ಮ್ಯಾಲೇ ಗಾಲಿ ಹೊಳ್ಳತಾವ. ಕೇಳಿದ್ರ ‘ಹಳೇ ಗಾಡಿ, ಹಂಗೇ ಇರ್ತದ’ ಅಂತಾರ. ಎಳ್ಳಮಾವಾಸ್ಯೆಗೆ ಇಡೀ ಮನಿಮಂದಿ ಅದರಾಗೇ ಹೊಲಕ್ಕ ಹೋಗತೀವಿ. ಈಗ ಮಗಳೂ ಓಡಿಸಲಿಕ್ಕೆ ಹತ್ಯಾಳ. ಮಿಸ್ತ್ರಿ ‘ಬಾಕ್ಸು ಹೋಗ್ಯದ, ಎಲ್ಲಾ ಹೊಸಾದು ಹಾಕಬೇಕು’ ಅಂತಾನ. ನನಗ ಏನೂ ತಿಳಿಯಂಗಿಲ್ಲ, ಆದ್ರ ಹೆದರಿಕಿ ಆಗ್ತದ. ಏನು ಮಾಡ್ಲಿ?”

ಹೆದರಿಕೆ ಆಗುವುದು ಸರಿಯಾಗಿಯೇ ಇದೆ, ತಂಗೀ. “ಗಾಡಿಯ ವಿಷಯ ಹೆಂಗಸರಿಗ್ಯಾಕೆ” ಎಂದು ಯಾರಾದರೂ ಅಂದರೆ, ಆ ಗಾಡಿಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವವರು ಯಾರು ಎಂದು ಕೇಳಿ. ನನ್ನ ಓದು ಹೈಸ್ಕೂಲಿಗೇ ನಿಂತಿತು. ಆದರೆ ಬಸವಕಲ್ಯಾಣದ ನನ್ನ ತವರಿನಲ್ಲಿ ಎರಡು ಜೀಪುಗಳಿದ್ದವು. ನಮ್ಮ ಕಾಕಾ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿದರೆ, ಮೇಲೆ ಕೂತು ಸ್ಟೇರಿಂಗ್ ಅಲುಗಾಡಿಸುವ ಕೂಲಿ ನನ್ನದು. “ಏ ಪೋರಿ, ಸಾವಕಾಶ!” ಎಂಬ ಅವರ ಕೂಗು ಇನ್ನೂ ಕಿವಿಯಲ್ಲಿದೆ. ಆ ಕೂಲಿಯಲ್ಲಿ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಎಷ್ಟು ಆಟ ಇರಬಹುದು ಎಂಬುದನ್ನು ತಿಳಿಯೋಣ. ಸ್ಟೇರಿಂಗ್ ತಿರುಗಿದರೂ ಗಾಲಿ ಹೊರಳದೆ ಇರುವ ಆ ಖಾಲಿ ಓಡಾಟಕ್ಕೆ ನಮ್ಮ ಕಡೆ ಆಟ ಅಂತಲೂ, ಗ್ಯಾರೇಜಿನವರು ಪ್ಲೇ ಅಂತಲೂ ಅನ್ನುತ್ತಾರೆ. ಇದಕ್ಕೆ ಸರ್ಕಾರದ ಕಾನೂನೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯ ನಿಯಮ ನೋಡಿ. ಸ್ಟೇರಿಂಗಿನಲ್ಲಿ ಈ ಆಟ 30 ಡಿಗ್ರಿ ಮೀರಬಾರದು, ಕೊಂಡಿಗಳ ಗುಂಡುಕೀಲುಗಳಿಗೆ ರಬ್ಬರ್ ಟೊಪ್ಪಿಗೆ ಇರಬೇಕು, ಬೋಲ್ಟು ಪಿನ್ನುಗಳು ತಾವಾಗಿ ಬಿಚ್ಚಿಕೊಳ್ಳದಂತೆ ಭದ್ರವಾಗಿ ಲಾಕ್ ಆಗಿರಬೇಕು ಎನ್ನುತ್ತದೆ ಅದು. ಹಳೇ ಗಾಡಿಗೆ ರಿಯಾಯಿತಿ ಎಂದು ಅದರಲ್ಲಿ ಬರೆದಿಲ್ಲ.

ಮೂವತ್ತು ಡಿಗ್ರಿ ಅಂದರೆ ಎಷ್ಟು? ಗೋಡೆಯ ಗಡಿಯಾರ ನೋಡಿ. ಹನ್ನೆರಡರಿಂದ ಒಂದಕ್ಕೆ ಇರುವ ದೂರವೇ 30 ಡಿಗ್ರಿ. ನಿಮ್ಮ ಜೀಪಿನ ಕಾಲು ಸುತ್ತು ಅಂದರೆ ಹನ್ನೆರಡರಿಂದ ಮೂರರವರೆಗೆ. ಕಾನೂನು ಬಿಟ್ಟದ್ದರ ಮೂರು ಪಟ್ಟು!

ಕಣ್ಣಂದಾಜು ಬೇಡ ಎನ್ನುವವರು ಹೊಲಿಗೆಯ ಟೇಪು ತೆಗೆದುಕೊಳ್ಳಿ. ಸ್ಟೇರಿಂಗ್ ಚಕ್ರದ ಹೊರಗಿನ ಸುತ್ತಳತೆ ಅಳೆದು ಹನ್ನೆರಡರಿಂದ ಭಾಗಿಸಿ. ಸುತ್ತಳತೆ 120 ಸೆಂಟಿಮೀಟರ್ ಇದ್ದರೆ 10 ಸೆಂಟಿಮೀಟರ್ ಬಂತಲ್ಲ, ಅದೇ ಮಿತಿ. ಎಂಜಿನ್ ಬಂದ್ ಇರಲಿ, ಗಾಲಿ ನೆಟ್ಟಗಿರಲಿ. ಚಕ್ರದ ಮೇಲೆ ಒಂದು ದಾರ ಕಟ್ಟಿ, ಮುಂದಿನ ಗಾಲಿ ಅಲುಗುವವರೆಗೆ ಎಡಕ್ಕೆ, ಆಮೇಲೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ದಾರ ಆ ತುದಿಯಿಂದ ಈ ತುದಿಗೆ ಎಷ್ಟು ಸರಿಯಿತೋ ಅದು ನಿಮ್ಮ ಗಾಡಿಯ ಆಟ. ಗಾಲಿ ಅಲುಗುವುದನ್ನು ನೋಡಲು ಕೆಳಗೆ ಇನ್ನೊಬ್ಬರು ಬೇಕು.

ಇದೇನು ಅಷ್ಟು ದೊಡ್ಡ ಮಾತೇ ಅಂತೀರಾ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಅರ್ಧ ಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ನಮ್ಮ ಸೊಲ್ಲಾಪುರ-ಹೈದರಾಬಾದ್ ರಸ್ತೆ ಗೊತ್ತಲ್ಲ, ಮೊದಲು 9ನೆಯ ನಂಬರಿನ ಹೆದ್ದಾರಿ, ಈಗ 65. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಎದುರಿಗೆ ಬಂದಾಗ, ಪಕ್ಕಕ್ಕೆ ಹೊರಳಿಸಬೇಕಾದ ಹೊತ್ತಿನಲ್ಲಿ ಕೈ ಖಾಲಿ ತಿರುಗಿದರೆ ಗತಿ ಏನು?

ಈಗ ಒಳಗಿನ ಜೋಡಣೆ. ನಿಮ್ಮ ಮನೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಇದ್ದರೆ ಅರ್ಧ ಪಾಠ ಆದಂತೆಯೇ. ತುಳಿಯುವ ಹಲಗೆಯಿಂದ ದೊಡ್ಡ ಗಾಲಿಗೆ ಒಂದು ಕಡ್ಡಿ ಹೋಗುತ್ತದಲ್ಲ, ಅದಕ್ಕೆ ಪಿಟ್‌ಮನ್ ಎಂದು ಹೆಸರು. ಅದರ ಕೀಲು ಸವೆದರೆ ಹಲಗೆ ಕಟಕಟ ಅನ್ನುತ್ತದೆ, ಕಾಲು ಅಷ್ಟು ದೂರ ತುಳಿದ ಮೇಲೆಯೇ ಗಾಲಿ ತಿರುಗುತ್ತದೆ. ಜೀಪಿನಲ್ಲೂ ಅದೇ ಹೆಸರಿನ ತೋಳು ಇದೆ. ಸ್ಟೇರಿಂಗ್ ಕಂಬದ ಬುಡದಲ್ಲಿ ಒಂದು ಪೆಟ್ಟಿಗೆ, ಮಿಸ್ತ್ರಿಗಳು ಬಾಕ್ಸು ಅನ್ನುವುದು ಇದನ್ನೇ. ಬಾಕ್ಸಿನಿಂದ ಪಿಟ್‌ಮನ್ ತೋಳು ಹೊರಡುತ್ತದೆ. ತೋಳಿನಿಂದ ಮುಂದಕ್ಕೆ ಒಂದು ಸರಳು, ಅದು ಡ್ರ್ಯಾಗ್ ಲಿಂಕ್. ಆ ಸರಳು ಮುಂಭಾಗದ ನಡುವೆ ಇರುವ ಬೆಲ್ ಕ್ರ್ಯಾಂಕ್ ಎಂಬ ಮೊಣಕೈಯನ್ನು ತಿರುಗಿಸುತ್ತದೆ. ಅಲ್ಲಿಂದ ಎಡಗಾಲಿಗೊಂದು, ಬಲಗಾಲಿಗೊಂದು ಟೈ ರಾಡ್. ಒಂದೊಂದು ಕೂಡಿಕೆಯಲ್ಲೂ ಒಂದು ಗುಂಡುಕೀಲು ಅಥವಾ ಪಿನ್ನು.

ಒಂದೊಂದು ಕೀಲಿನಲ್ಲಿ ಎಳ್ಳುಕಾಳಿನಷ್ಟು ಸಡಿಲವಿದ್ದರೂ ಎಲ್ಲ ಕೂಡಿ ಚಕ್ರದ ಹತ್ತಿರ ಬರುವಾಗ ಗೇಣುದ್ದ ಆಗುತ್ತದೆ. ಅದಕ್ಕೇ “ಬಾಕ್ಸು ಹೋಗ್ಯದ” ಎಂಬ ಮಾತನ್ನು ನೋಡದೇ ನಂಬಬೇಡಿ. ಬಾಕ್ಸು ಹೋಗಿರಲೂಬಹುದು. ಆದರೆ ಬಾಕ್ಸು ದುಬಾರಿ, ಕೀಲು ಅಗ್ಗ. ಅಗ್ಗದ್ದನ್ನು ಮೊದಲು ನೋಡುವುದು ನಮ್ಮ ಸಂಸಾರದ ರೀತಿ.

ನೋಡುವುದು ಹೇಗೆಂದರೆ, ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಿ. ಜ್ಯಾಕ್ ಬೇಡ, ನಾಲ್ಕೂ ಗಾಲಿ ನೆಲದ ಮೇಲೇ ಇರಲಿ. ಕೈಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಹಿಂದೆ-ಮುಂದೆ ಕಲ್ಲು ಕೊಡಿ, ಚಾವಿ ನಿಮ್ಮ ಸೆರಗಿನಲ್ಲಿ ಕಟ್ಟಿಕೊಳ್ಳಿ. ಮೇಲೆ ಕೂತವರು ಚಕ್ರವನ್ನು ಆಟದ ಮಿತಿಯಲ್ಲೇ ಎಡಕ್ಕೆ ಬಲಕ್ಕೆ ಸಣ್ಣಗೆ ಅಲುಗಾಡಿಸುತ್ತಿರಬೇಕು. ಕೆಳಗಿನವರು ಬಾಕ್ಸಿನಿಂದ ಶುರು ಮಾಡಿ ಒಂದೊಂದೇ ಕೀಲಿನ ಮೇಲೆ ಅಂಗೈ ಇಡುತ್ತಾ ಗಾಲಿಯವರೆಗೆ ಬರಬೇಕು. ಕೀಲಿನ ಈ ಕಡೆ ಅಲುಗಾಟ ಇದ್ದು ಆ ಕಡೆ ಇಲ್ಲವೆಂದರೆ ಕಳ್ಳ ಅಲ್ಲೇ ಸಿಕ್ಕಿಬಿದ್ದ. ಸವೆದ ಕೀಲು ಅಂಗೈಗೆ ಟಕ್ ಎಂದು ತಾಕುತ್ತದೆ. ಬೆರಳುಗಳನ್ನು ಸರಳುಗಳ ಸಂದಿಯಲ್ಲಿ ತೂರಿಸಬೇಡಿ. ಬಳೆ ತೆಗೆದಿಟ್ಟು, ಸೆರಗು ಸಿಕ್ಕಿಸಿಕೊಳ್ಳಿ.

ನಾನು ಕಂಡ ಮಟ್ಟಿಗೆ ಹಳೇ ಜೀಪುಗಳಲ್ಲಿ ಮೊದಲು ಸೋಲುವುದು ಆ ನಡುವಿನ ಬೆಲ್ ಕ್ರ್ಯಾಂಕ್. ಕೆಸರು, ಧೂಳು, ಕರೀಮಣ್ಣು ಎಲ್ಲ ಅದರ ಮುಖಕ್ಕೇ. ಗ್ರೀಸ್ ಹಾಕುವ ನಿಪ್ಪಲ್ ಮಣ್ಣಿನಲ್ಲಿ ಮುಚ್ಚಿಹೋಗಿ, ಅಲ್ಲಿ ಒಂದು ನಿಪ್ಪಲ್ ಇದೆ ಎಂಬುದೇ ಮನೆಯವರಿಗೆ ಮರೆತಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ಗಡಗಡ ಅಂದರೆ ಅದರ ಪಿನ್ನು, ಬುಶ್ಶು ಬದಲಾಗಬೇಕು. ಅಲ್ಲಿ ಅಡ್ಜಸ್ಟ್ ಮಾಡುವಂಥದ್ದು ಏನೂ ಇಲ್ಲ.

ಡ್ರ್ಯಾಗ್ ಲಿಂಕಿನಲ್ಲಿ ಮಾತ್ರ ಅಡ್ಜಸ್ಟ್ ಮಾಡಲು ಅವಕಾಶ ಇಟ್ಟಿದ್ದಾರೆ. ಹಳೇ ವಿಲ್ಲೀಸ್ ಮಾದರಿಯಲ್ಲಿ ಅದರ ಎರಡೂ ತುದಿಯಲ್ಲಿ ಒಳಗೆ ಸ್ಪ್ರಿಂಗು, ಗುಂಡನ್ನು ತಬ್ಬಿ ಹಿಡಿಯುವ ಬಟ್ಟಲು, ಹೊರಗಿನಿಂದ ಒಂದು ತಿರುಪು ಬಿರಡೆ, ಬಿರಡೆಗೆ ಅಡ್ಡಲಾಗಿ ಸ್ಪ್ಲಿಟ್ ಪಿನ್. ಪಿನ್ ತೆಗೆದು, ಬಿರಡೆಯನ್ನು ಗುಂಡಿಗೆ ಗಟ್ಟಿಯಾಗಿ ತಾಗುವವರೆಗೆ ಬಿಗಿದು, ಆಮೇಲೆ ಬೆಲ್ ಕ್ರ್ಯಾಂಕ್ ಕಡೆಯ ತುದಿಯಲ್ಲಿ ಅರ್ಧ ಸುತ್ತು, ಬಾಕ್ಸಿನ ಕಡೆಯ ತುದಿಯಲ್ಲಿ ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಪೂರಾ ಬಿಗಿದೇ ಬಿಟ್ಟರೆ ಕೀಲು ತಿರುಗಲಾರದೆ ಒಣಗಿ ಸವೆಯುತ್ತದೆ, ಸ್ಟೇರಿಂಗ್ ಕಲ್ಲಿನಂತೆ ಆಗುತ್ತದೆ. ಚಪಾತಿ ಹಿಟ್ಟಿನ ಹದ ಇದ್ದ ಹಾಗೆ ಇದು, ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಒಳಗಿನ ಬಟ್ಟಲು ಸವೆದಿದ್ದರೆ, ಸ್ಪ್ರಿಂಗು ಮುರಿದಿದ್ದರೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಬದಲಿಸಲೇಬೇಕು.

ಸ್ಪ್ಲಿಟ್ ಪಿನ್ ಬಗ್ಗೆ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಎತ್ತಿನ ಬಂಡಿಗೆ ಕಡೆಗೀಲು ಇಲ್ಲದೆ ಹೊರಟರೆ ಏನಾಗುತ್ತದೆ ಎಂದು ನಮ್ಮ ಕಲ್ಯಾಣದ ನಾಡಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಜೀಪಿನ ಕಡೆಗೀಲು ಎಂದರೆ ಈ ಸ್ಪ್ಲಿಟ್ ಪಿನ್. ಚಿಲ್ಲರೆ ಕಾಸಿನ ವಸ್ತು. ಅದನ್ನು ಬಿಚ್ಚಿದ ಮೇಲೆ ಹಳೆಯದನ್ನೇ ಸುತ್ತಿಗೆಯಿಂದ ನೆಟ್ಟಗೆ ಮಾಡಿ ಹಾಕುವವರಿದ್ದಾರೆ. ಮೊಳೆ, ತಂತಿ ಸುತ್ತಿ “ಚಲ್ತಾ ಹೈ” ಅನ್ನುವವರೂ ಇದ್ದಾರೆ. ಒಮ್ಮೆ ಮಡಿಸಿದ ಪಿನ್ ಇನ್ನೊಮ್ಮೆ ಮಡಿಸಿದಲ್ಲಿ ಮುರಿಯುತ್ತದೆ. ಅದು ಬಿದ್ದರೆ ನಟ್ಟು ಸಡಿಲ, ನಟ್ಟು ಬಿದ್ದರೆ ಸರಳು ನೆಲಕ್ಕೆ, ಆಮೇಲೆ ಸ್ಟೇರಿಂಗ್ ಹಿಡಿದವರ ಕೈಯಲ್ಲಿ ಇರುವುದು ಬರೀ ಒಂದು ಬಳೆ. ಗಾಡಿ ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ಒಂದು ಪೊಟ್ಟಣ ಹೊಸ ಪಿನ್ ತರಿಸಿ ಮಿಸ್ತ್ರಿಯ ಕೈಗೆ ಕೊಡಿ. ಸಂಜೆ ಹಳೆಯವನ್ನು ಎಣಿಸಿ ವಾಪಸು ತೆಗೆದುಕೊಳ್ಳಿ. ಉಸ್ತಾದ್‌ಗೆ ಸ್ವಲ್ಪ ಮುಖ ಗಂಟಾಗಬಹುದು, ಆಗಲಿ. ಒಂದು ಕಪ್ಪು ಚಹಾ ಜಾಸ್ತಿ ಕೊಟ್ಟರಾಯಿತು.

ಕೀಲುಗಳೆಲ್ಲ ಸರಿಯಾದ ಮೇಲೆ ಗಾಲಿಗಳ ನೇರ ನೋಡಬೇಕು. ಮುಂದಿನ ಎರಡು ಗಾಲಿ ಪೂರಾ ಸಮಾನಾಂತರ ಇರುವುದಿಲ್ಲ. ಮುಂದಿನ ಮೂತಿ ಒಳಕ್ಕೆ ಕೂದಲೆಳೆಯಷ್ಟು ತಿರುಗಿರಬೇಕು. ಇದಕ್ಕೆ ಟೋ-ಇನ್ ಎನ್ನುತ್ತಾರೆ. ವಿಲ್ಲೀಸ್ ಜೀಪಿನ ಲೆಕ್ಕ ಇಂಚಿನ 64ರಲ್ಲಿ 3 ಭಾಗದಿಂದ 32ರಲ್ಲಿ 3 ಭಾಗದವರೆಗೆ, ಅಂದರೆ ಸುಮಾರು 1.2ರಿಂದ 2.4 ಮಿಲಿಮೀಟರ್. ಒಂದು ನಾಣ್ಯದ ದಪ್ಪ ಅನ್ನಿ. ಎರಡೂ ಟೈರಿನ ಹಿಂಬದಿಯಲ್ಲಿ, ಅಚ್ಚಿನ ಎತ್ತರಕ್ಕೆ ಸರಿಯಾಗಿ, ನಡುಮಧ್ಯೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ಗುರುತಿನಿಂದ ಗುರುತಿಗೆ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ ಅದೇ ಗುರುತುಗಳು ಮುಂಬದಿಗೆ ಬಂದ ಮೇಲೆ ಮತ್ತೆ ಅಳೆಯಿರಿ. ಮುಂದಿನ ಅಳತೆ ಆ ನಾಣ್ಯದಷ್ಟು ಕಡಿಮೆ ಬರಬೇಕು. ಹೆಚ್ಚುಕಡಿಮೆ ಇದ್ದರೆ ಟೈ ರಾಡಿನ ಹಿಡಿಪಟ್ಟಿ ಸಡಿಲ ಮಾಡಿ ಕೊಳವೆಯನ್ನು ತಿರುಗಿಸಬೇಕು. ಎರಡು ತುದಿಯಲ್ಲಿ ಎಡಮರೆ ಬಲಮರೆ ಇರುವುದರಿಂದ ಸರಳು ಉದ್ದವಾಗುತ್ತದೆ ಇಲ್ಲವೇ ಗಿಡ್ಡವಾಗುತ್ತದೆ. ಆಮೇಲೆ ಹಿಡಿಪಟ್ಟಿ ಬಿಗಿಯುವುದು ನೆನಪಿರಲಿ. ಅಳತೆ ನಾವು ಮಾಡಬಹುದು, ತಿರುಗಿಸುವುದನ್ನು ಮಿಸ್ತ್ರಿಗೆ ಬಿಡಿ. ಟೈರಿನ ಒಂದೇ ಅಂಚು ಗರಗಸದ ಹಲ್ಲಿನಂತೆ ಸವೆದಿದ್ದರೆ ಟೇಪು ತರುವ ಮುಂಚೆಯೇ ಉತ್ತರ ಸಿಕ್ಕಂತೆ.

ಎಲ್ಲಕ್ಕಿಂತ ಕೊನೆಗೆ ಬಾಕ್ಸು. ಅದರ ಮುಚ್ಚಳದ ಮೇಲೆ ಒಂದು ತಿರುಪು, ಅದಕ್ಕೊಂದು ಲಾಕ್ ನಟ್ಟು. ಅವಸರದ ಮಿಸ್ತ್ರಿಗಳು ಮೊದಲೇ ಅದನ್ನು ಬಿಗಿದು “ಆಟ ಹೋಯ್ತು ನೋಡ್ರಿ” ಎಂದು ಕಳಿಸಿಬಿಡುತ್ತಾರೆ. ಆಟ ಹೋಗಿರುವುದಿಲ್ಲ, ಅಡಗಿರುತ್ತದೆ. ಆ ಬಾಕ್ಸಿನ ರಚನೆ ಹೇಗಿದೆಯೆಂದರೆ ಗಾಲಿ ನೆಟ್ಟಗಿರುವಾಗ, ಅಂದರೆ ನಡುವಿನಲ್ಲಿ, ಅದು ತಾನಾಗಿ ಹೆಚ್ಚು ಬಿಗಿ. ಪೂರ್ತಿ ತಿರುವಿದ ಜಾಗದಲ್ಲಿ ಇಟ್ಟು ಬಿಗಿದರೆ ನಡುವಿಗೆ ಬಂದಾಗ ಕಚ್ಚಿ ಹಿಡಿಯುತ್ತದೆ. ಡ್ರ್ಯಾಗ್ ಲಿಂಕ್ ಕಳಚಿ, ಚಕ್ರವನ್ನು ಸರಿಯಾಗಿ ನಡುವಿಗೆ ತಂದು, ಸಣ್ಣ ಹಿಡಿತ ಗೊತ್ತಾಗುವಷ್ಟೇ ಬಿಗಿಯಬೇಕು. ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗದೇ ನಿಂತರೆ ಬಿಗಿ ಹೆಚ್ಚಾಗಿದೆ ಎಂದೇ ಅರ್ಥ.

ನಡುವೆ ಒಂದು ಮಾತು ಬಿಟ್ಟೆ. ಒಂದು ವೇಗಕ್ಕೆ ಬಂದ ಕೂಡಲೇ ಮುಂದಿನ ಗಾಲಿಗಳು ಗಡಗಡ ನಡುಗಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಆಗುವುದುಂಟು. ಅದಕ್ಕೆ ಕೊಂಡಿಗಳ ಜೊತೆಗೆ ಕಿಂಗ್ ಪಿನ್, ಗಾಲಿಯ ಬೇರಿಂಗ್, ಎರಡು ಟೈರಿನ ಗಾಳಿ ಹೆಚ್ಚುಕಡಿಮೆ ಇರುವುದು, ಎಲ್ಲವೂ ಕಾರಣ. ಮಿಸ್ತ್ರಿ ಗಾಲಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಟೈರಿನ ನೆತ್ತಿ ಮತ್ತು ಬುಡ ಹಿಡಿದು ಅಲುಗಿಸಲು ಹೇಳಿ. ಅಲುಗಿದರೆ ದೋಷ ಅಲ್ಲಿದೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ನೀವಾಗಲಿ ನಿಮ್ಮವರಾಗಲಿ ತಲೆ ಹಾಕಬೇಡಿ.

ಬಾಗಿದ ಟೈ ರಾಡನ್ನು ಕಾಸಿ ಬಡಿದು ನೆಟ್ಟಗೆ ಮಾಡುವುದು, ಮುರಿದ ತೋಳಿಗೆ ವೆಲ್ಡಿಂಗ್ ಹಚ್ಚುವುದು, ಇವೆರಡಕ್ಕೆ ಎಷ್ಟು ಉಳಿತಾಯ ಆದರೂ ಒಪ್ಪಬೇಡಿ. ಕಾಸಿದ ಉಕ್ಕಿನ ಕಸುವು ಹೋಗಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ನೇಗಿಲಿಗೆ ನಡೆಯುವುದು ಸ್ಟೇರಿಂಗಿಗೆ ನಡೆಯದು.

ಅಂಬಾಸಿಡರ್, ಫಿಯಟ್ ಇಟ್ಟುಕೊಂಡವರೂ ಇದನ್ನು ಓದುತ್ತಿರುತ್ತೀರಿ. ಅಂಬಾಸಿಡರಿನಲ್ಲಿ ಈ ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್ ತಾಪತ್ರಯ ಇಲ್ಲ. ಅದರದ್ದು ಹಲ್ಲುಪಟ್ಟಿಯ ಸ್ಟೇರಿಂಗ್. ಪಟ್ಟಿಯ ಎರಡು ತುದಿಯ ರಬ್ಬರ್ ತೊಗಲು ಹರಿದು ಧೂಳು ಹೋಗದಂತೆ ನೋಡಿಕೊಳ್ಳಿ, ಟೈ ರಾಡ್ ಎಂಡ್ ಅಲುಗಿಸಿ ನೋಡಿ. ಫಿಯಟ್, ಪದ್ಮಿನಿಗಳಲ್ಲಿ ಬಾಕ್ಸಿನ ಎದುರು ಬದಿಗೆ ಐಡ್ಲರ್ ಆರ್ಮ್ ಎಂಬ ಇನ್ನೊಂದು ತೋಳು ಇರುತ್ತದೆ, ಅದರ ಬುಶ್ಶು ಸವೆದಿದೆಯೇ ಎಂದು ನೋಡಿಸಿ. ಪದ್ಮಿನಿಯ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು, ಅಂಬಾಸಿಡರಿನದು 2014ರಲ್ಲಿ ನಿಂತಿತು. ಹಾಗಾಗಿ ಸಾಮಾನು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಜೋಡಿಸಿ ನೋಡಿ ತರಬೇಕು.

ಕಾಗದ ಬರೆದ ತಂಗಿ ಇನ್ನೊಂದು ಕೇಳಿದ್ದಾರೆ: ಇಷ್ಟು ವರ್ಷದ ಗಾಡಿಗೆ ವಿಂಟೇಜ್ ನಂಬರು ಸಿಗುತ್ತದಂತಲ್ಲ, ಮಾಡಿಸಬಹುದೇ ಎಂದು. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರದ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮತ್ತೆ ಮಾಡಿಸಲು 5,000. ಆದರೆ ಆ ನಂಬರು ಹಾಕಿಸಿದ ಮೇಲೆ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಎಣ್ಣೆ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನದ ಓಡಾಟಕ್ಕೆ ಇಲ್ಲ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ರೋಲ್ಸ್ ರಾಯ್ಸ್ ನಿಂತಿದೆ, ಧರ್ಮಸ್ಥಳದ ಮಂಜೂಷಾದಲ್ಲಿ ಹಳೇ ಕಾರುಗಳ ಸಾಲೇ ಇದೆ. ಅವು ನೋಡಲಿಕ್ಕೆ ಇರುವ ಗಾಡಿಗಳು. ಹೊಲಕ್ಕೆ ಚರಗ ಚೆಲ್ಲಲು ಹೋಗುವ ಜೀಪಿಗೆ ಇದು ಹೊಂದುವುದಿಲ್ಲ. ಯಾವುದು ಬೇಕೋ ಮನೆಯಲ್ಲಿ ಕೂತು ಯೋಚಿಸಿ.

ಮಾರಲಿಕ್ಕೆ ಮನಸ್ಸಿಲ್ಲ ಎನ್ನುವುದೂ ನನಗೆ ಅರ್ಥವಾಗುತ್ತದೆ. ನಮ್ಮ ಕಡೆಯ ಹಿರಿಯರಿಗೆ ಜೀಪು ಎಂದರೆ ಬರೀ ಗಾಡಿಯಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ, ನಮ್ಮ ತಾಲೂಕಿನ ರಾಜೇಶ್ವರ ದಾಟಿ ಹೈದರಾಬಾದಿನ ಕಡೆ ಹೋದದ್ದು ಇದೇ ರಸ್ತೆಯಲ್ಲಿ. ನಮ್ಮ ಅಜ್ಜಿ ಜೀವನದಲ್ಲಿ ಮೊದಲು ಜೀಪು ಕಂಡದ್ದು ಆವಾಗಲೇ ಎಂದು ಹೇಳುತ್ತಿದ್ದಳು. ಮಾವನವರ ಗಾಡಿಯನ್ನು ಇಟ್ಟುಕೊಳ್ಳಿ. ಆದರೆ ಅವರ ಗೌರವಕ್ಕೆಂದು ಇಟ್ಟುಕೊಂಡ ಗಾಡಿಯ ಕೀಲಿಗೆ ಗ್ರೀಸ್ ಹಾಕದೇ, ಬರೀ ದಸರೆಯ ದಿನ ಚೆಂಡುಹೂವಿನ ಮಾಲೆ ಹಾಕಿದರೆ ಯಾವ ಗೌರವ ಬಂತು?

ಮನೆಯವರ ಹತ್ತಿರ ಹೇಳುವುದು ಹೇಗೆ ಎಂದರೆ, ಜಗಳಕ್ಕೆ ಹೋಗಬೇಡಿ. ಭಾನುವಾರ ಬೆಳಿಗ್ಗೆ ಟೇಪು, ದಾರ ತೆಗೆದುಕೊಂಡು “ಬರ್ರಿ, ಒಂದು ತಮಾಷೆ ನೋಡೋಣ” ಎಂದು ಕರೆಯಿರಿ. ಸುತ್ತಳತೆಯನ್ನು ಅವರ ಕೈಯಿಂದಲೇ ಅಳೆಸಿ, ಭಾಗಾಕಾರವನ್ನು ಮಗಳ ಕೈಯಿಂದ ಮಾಡಿಸಿ. ಹತ್ತು ಬರಬೇಕಾದ ಕಡೆ ಮೂವತ್ತು ಬಂದದ್ದನ್ನು ಕಣ್ಣಾರೆ ಕಂಡ ಮೇಲೆ “ಹಂಗೇ ಇರ್ತದ” ಎನ್ನುವ ಗಂಡಸು ಅಪರೂಪ. ರಿಪೇರಿ ಮುಗಿದು, ದಾರದ ಪರೀಕ್ಷೆ ಪಾಸಾಗುವವರೆಗೆ ಮಗಳ ಕೈಗೆ ಚಾವಿ ಕೊಡಬೇಡಿ, ಅವರ ಕೈಗೂ ಕೊಡಬೇಡಿ. ಅಲ್ಲಿಯವರೆಗೆ ಹೊಲಕ್ಕೆ ಬಂಡಿ ಇದೆ, ಕಲ್ಯಾಣಕ್ಕೆ ಬಸ್ಸಿದೆ. ಆಮೇಲೆ ಮಗಳೇ ಓಡಿಸಲಿ. ಕೆಳಗೆ ಅಂಗೈ ಇಟ್ಟು ಕೀಲು ನೋಡುವುದನ್ನೂ ಅವಳಿಗೇ ಕಲಿಸಿ.

ಈ ಕೆಲಸದಲ್ಲಿ ಸೀರೆಗೆ ಗ್ರೀಸ್ ಹತ್ತದೆ ಇರುವುದಿಲ್ಲ. ನೀರು ಹಾಕಿ ತಿಕ್ಕಬೇಡಿ, ಹರಡಿಕೊಳ್ಳುತ್ತದೆ. ಮೊದಲು ಚಮಚದ ಅಂಚಿನಿಂದ ಮೇಲಿನದನ್ನು ಕೆರೆದು, ಕಲೆಯ ಮೇಲೆ ಟಾಲ್ಕಂ ಪೌಡರ್ ಇಲ್ಲವೇ ಮೈದಾ ಹಿಟ್ಟು ದಪ್ಪಗೆ ಉದುರಿಸಿ ಒಂದೆರಡು ತಾಸು ಬಿಡಿ. ಜಿಡ್ಡು ಹೀರಿದ ಹಿಟ್ಟನ್ನು ಜಾಡಿಸಿ, ಪಾತ್ರೆ ತೊಳೆಯುವ ಸಾಬೂನನ್ನು ಒಣ ಕಲೆಗೇ ಹಚ್ಚಿ ಬೆರಳಿನಿಂದ ಉಜ್ಜಿ, ಕಾಲು ತಾಸಿನ ಮೇಲೆ ಒಗೆಯಿರಿ. ಹತ್ತಿ ಸೀರೆಗೆ ಬಿಸಿನೀರು ನಡೆಯುತ್ತದೆ. ಕಲೆ ಪೂರಾ ಹೋಗುವ ತನಕ ಇಸ್ತ್ರಿ ಮಾತ್ರ ಹಾಕಬೇಡಿ.